ಬೀಚ್ ರಸ್ತೆಯ ಆಚೆಯ ವಿಶಾಖಪಟ್ಟಣ

ವಿಶಾಖಪಟ್ಟಣಕ್ಕೆ ಹೋಗಿ ಬಂದವರ ಫೋನಿನಲ್ಲಿ ಯಾವ ಫೋಟೋಗಳಿರುತ್ತವೆ ಎಂದು ನೋಡದೆಯೇ ಹೇಳಬಹುದು. ಆರ್‌ಕೆ ಬೀಚು, ಅದರ ದಡಕ್ಕೆ ಎಳೆದು ತಂದು 2002ರಿಂದ ಮ್ಯೂಸಿಯಂ ಮಾಡಿರುವ ಕುರ್ಸುರಾ ಸಬ್‌ಮರೀನು, ಕೈಲಾಸಗಿರಿಯ ಬಿಳಿ ಶಿವ-ಪಾರ್ವತಿ, ಅರಕು ರೈಲಿನ ಸುರಂಗಗಳು. ಎರಡು ದಿನಕ್ಕೆ ಊರು ಮುಗಿಯುತ್ತದೆ. ಹತ್ತು ವರ್ಷದ ಹಿಂದೆ ನಾನೂ ಹಾಗೇ ಮುಗಿಸಿ ಬಂದಿದ್ದೆ.

ಈ ಸಲ ನಾಲ್ಕು ದಿನ ರಜೆ ಹಾಕಿ ಹೋದದ್ದು ಬೇರೆ ಕಾರಣಕ್ಕೆ. ಹೈದರಾಬಾದಿನ ನಮ್ಮ ಆಫೀಸು ಅಲ್ಲೊಂದು ಶಾಖೆ ತೆರೆಯುವ ಯೋಚನೆಯಲ್ಲಿದೆ. ಹೋಗಲು ಇಷ್ಟವಿರುವವರು ಹೆಸರು ಕೊಡಿ ಎಂದು ಮೇಲ್ ಬಂದಿತ್ತು. ಹೊಸಪೇಟೆ ಬಿಟ್ಟು ಬೆಂಗಳೂರು, ಬೆಂಗಳೂರು ಬಿಟ್ಟು ಹೈದರಾಬಾದು ಎಂದು ಗಂಟುಮೂಟೆ ಕಟ್ಟಿದ ನನಗೆ ಇನ್ನೊಂದು ಊರು ಹೊಸದಲ್ಲ. ಆದರೆ ಈಗ ಮಗಳ ಶಾಲೆ ಇದೆ, ಜೊತೆಯಲ್ಲಿರುವ ಅಮ್ಮನ ಮಂಡಿನೋವು ಇದೆ. ಮನೆ ಮಾಡುವ ಊರನ್ನು ನೋಡಬೇಕಾದರೆ ಜನ ಫೋಟೋ ತೆಗೆಯುವ ಜಾಗ ಬಿಟ್ಟು ಜನ ಮಲಗಿ ಏಳುವ ಜಾಗಗಳಿಗೆ ಹೋಗಬೇಕು. ನಾಲ್ಕು ದಿನವೂ ಬೀಚಿಗೆ ಬೆನ್ನು ಹಾಕಿ, ಸಿಟಿ ಬಸ್ಸು, ಆಟೋಗಳಲ್ಲೇ ತಿರುಗಿದೆ.

ಗೋದಾವರಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಇಳಿಸಿತು. ಚೆನ್ನೈ-ಹೌರಾ ದಾರಿಯ ಇಷ್ಟು ದೊಡ್ಡ ಊರಾದರೂ ಇದು ರೈಲು ಹಾದುಹೋಗುವ ಸ್ಟೇಷನ್ ಅಲ್ಲ. ಒಳಗೆ ಬಂದ ರೈಲು ಇಂಜಿನ್ ಬದಲಿಸಿಕೊಂಡು ಹಿಮ್ಮುಖವಾಗಿ ಹೊರಡಬೇಕು. ಆ ತಾಪತ್ರಯ ಬೇಡವೆಂದು ಎಷ್ಟೋ ರೈಲುಗಳು ಊರೊಳಕ್ಕೇ ಬರದೆ ದುವ್ವಾಡದಲ್ಲಿ ಜನರನ್ನು ಇಳಿಸಿ ಮುಂದೆ ಹೋಗುತ್ತವೆ. ನೀವು ಮುಂದೆ ಟಿಕೆಟ್ ಮಾಡಿಸುವಾಗ ಇದನ್ನು ನೋಡಿಕೊಳ್ಳಿ, ದುವ್ವಾಡದಿಂದ ಊರು ಹತ್ತಿರವೇನಲ್ಲ.

ಸ್ನಾನ, ತಿಂಡಿ ಮುಗಿಸಿ ಆರ್‌ಟಿಸಿ ಕಾಂಪ್ಲೆಕ್ಸಿನಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ಬಸ್ಸಿನ ಬೋರ್ಡುಗಳನ್ನು ಓದಿದೆ. ನಮ್ಮ ಕಡೆಯವರಿಗೆ ತೆಲುಗು ಮಾತೂ ಅಕ್ಷರವೂ ಕಲಿಯದೆಯೇ ಬಂದಿರುತ್ತವೆ. ಮದ್ದಿಲಪಾಲೆಂ, ಕೂರ್ಮನ್ನಪಾಲೆಂ, ಕಂಚರಪಾಲೆಂ. ಪಾಲೆಂ ಅಂದರೆ ನಮ್ಮ ಪಾಳ್ಯ. ಕಂಚರ ಅಂದರೆ ಕಂಚುಗಾರ. 2018ರಲ್ಲಿ ಅದೇ ಪಾಳ್ಯದ ಜನರನ್ನೇ ನಟರಾಗಿಸಿ ಮಾಡಿದ 'ಕೇರ್ ಆಫ್ ಕಂಚರಪಾಲೆಂ' ಸಿನಿಮಾ ನೋಡಿದವರಿಗೆ ಈ ಹೆಸರು ಗೊತ್ತು. ಇನ್ನೊಂದು ಬಗೆಯ ಹೆಸರುಗಳೂ ಇದ್ದವು: ತಗರಪುವಲಸ, ಕೊತ್ತವಲಸ. ಇನ್ನೂ ಆಚೆಗೆ ದೊಂಕಿನವಲಸ, ಆಮದಾಲವಲಸ ಎಂಬ ಊರುಗಳಿವೆ. ವಲಸ ಅಂದರೆ ವಲಸೆಯೇ. ಎಲ್ಲಿಂದಲೋ ಎದ್ದು ಬಂದವರು ಕಟ್ಟಿದ ಊರುಗಳು. ಕೊತ್ತವಲಸ ಎಂಬುದನ್ನು ಕನ್ನಡಕ್ಕೆ ತಂದರೆ 'ಹೊಸ ವಲಸೆ' ಆಗುತ್ತದೆ. ಅಲ್ಲಿಂದಲೇ ಬೈಲಾಡಿಲದ ಕಬ್ಬಿಣದ ಅದಿರನ್ನು ಜಪಾನಿಗೆ ಕಳಿಸಲೆಂದು ಹಾಕಿದ ಕಿರಂದುಲ್ ರೈಲುಮಾರ್ಗ ಶುರುವಾಗುತ್ತದೆ. ಅರಕುವಿಗೆ ಹೋಗುವ ಪ್ರವಾಸಿಗರು ಗಾಜಿನ ಬೋಗಿಯಲ್ಲಿ ಕೂತು ನೋಡುವುದು ಆ ಅದಿರಿನ ದಾರಿಯನ್ನೇ.

ಮೊದಲ ದಿನ ಹಳೇ ಊರಿಗೆ ಹೋದೆ. ಇಲ್ಲಿಯವರು ಅದನ್ನು ಒನ್ ಟೌನ್ ಎನ್ನುತ್ತಾರೆ. ಕುರುಪಾಂ ಮಾರ್ಕೆಟಿನ ಚಿನ್ನದಂಗಡಿಗಳು, ಇಕ್ಕಟ್ಟು ಓಣಿಗಳು, ಮಂಗಳೂರು ಹೆಂಚಿನಂಥ ಹೆಂಚು ಹೊದೆಸಿದ ಮನೆಗಳು. ಬಂದರಿನ ಬಾಯಿಯ ಪಕ್ಕ ಮೂರು ಗುಡ್ಡಗಳು ಸಾಲಾಗಿ ನಿಂತಿವೆ. ಒಂದರ ಮೇಲೆ ರಾಸ್ ಹಿಲ್ ಚರ್ಚು, ಒಂದರ ಮೇಲೆ ದರ್ಗಾ, ಒಂದರ ಮೇಲೆ ವೆಂಕಟೇಶ್ವರ. ರಾಸ್ ಹಿಲ್ ಹತ್ತಿದರೆ ಬಂದರು ಇಡೀ ಕೆಳಗೆ ಹರಡಿಕೊಳ್ಳುತ್ತದೆ. ಎದುರಿಗೆ ಡಾಲ್ಫಿನ್ಸ್ ನೋಸ್ ಎಂಬ ಬೆಟ್ಟ ಸಮುದ್ರಕ್ಕೆ ಮೂಗು ಚಾಚಿದೆ, ಅದರ ಮರೆಯಲ್ಲಿ ಹಡಗುಗಳು ಒಳಗೆ ಬರುತ್ತವೆ.

ಈ ಬಂದರು 1933ರಲ್ಲಿ ತೆರೆದದ್ದು. ಈ ತೀರದಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತಲೇ ಇರುತ್ತದೆ. ಬಂದರಿನ ಬಾಯಿ ಹೂಳಿನಿಂದ ಮುಚ್ಚಬಾರದೆಂದು ಆಗ ಎರಡು ಹಳೆಯ ಹಡಗುಗಳಿಗೆ ಕಲ್ಲು ತುಂಬಿಸಿ ಅಲ್ಲೇ ಮುಳುಗಿಸಿದರು. ಮರಳು ಅಲ್ಲಿ ನಿಂತಿತು, ಸರಿ. ಆದರೆ ನಿಂತ ಮರಳು ಉತ್ತರದ ಆರ್‌ಕೆ ಬೀಚಿಗೆ ಹೋಗಬೇಕಾಗಿದ್ದ ಮರಳು. ಹಾಗಾಗಿ ಬಂದರಿನವರು ಡ್ರೆಜರಿನಿಂದ ಅದನ್ನು ಎತ್ತಿ ಪೈಪಿನಲ್ಲಿ ಬೀಚಿಗೆ ಸುರಿಯುತ್ತಾರೆ, ಅಲೆ ಅದನ್ನು ಮತ್ತೆ ಒಯ್ಯುತ್ತದೆ. ಪ್ರವಾಸಿಗರು ಬರಿಗಾಲಲ್ಲಿ ನಡೆಯುವ ಆ ಬೀಚಿನ ಮರಳು ಒಂದರ್ಥದಲ್ಲಿ ಬಂದರಿನ ಬಾಕಿ ಸಂದಾಯ.

ಒನ್ ಟೌನಿನ ಜನಕ್ಕೆ ಬಂದರು ಕೊಟ್ಟದ್ದು ಇನ್ನೊಂದು: ಕಲ್ಲಿದ್ದಲು ಮತ್ತು ಅದಿರಿನ ಧೂಳು. ಒಂದು ಮನೆಯ ಜಗಲಿಯಲ್ಲಿ ನೀರು ಕೇಳಿ ಕುಡಿದೆ. ಆ ಮನೆಯ ಹೆಂಗಸು ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ ತೋರಿಸಿದರು, ಬೆರಳು ಕಾಡಿಗೆ ಹಚ್ಚಿದಂತೆ ಆಗಿತ್ತು. "ಬೆಳಿಗ್ಗೆ ಒರೆಸಿದ್ದು ಬಾಬೂ" ಎಂದರು. ಮಕ್ಕಳ ಬಟ್ಟೆಯನ್ನು ಒಳಗೇ ಒಣಹಾಕುತ್ತಾರಂತೆ. ಸರ್ ಸಿ.ವಿ. ರಾಮನ್ ಓದಿದ ಸೇಂಟ್ ಅಲೋಷಿಯಸ್ ಶಾಲೆ ಇರುವುದು ಈ ಹಳೇ ಊರಿನಲ್ಲೇ. ತಂದೆಗೆ ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿ ತಮಿಳುನಾಡಿನಿಂದ ಬಂದ ಕುಟುಂಬ ಅದು. ಬೆಂಗಳೂರಿನಲ್ಲಿ ನೆಲೆಯಾದ ರಾಮನ್ ಅವರನ್ನು ನಮ್ಮವರೆಂದುಕೊಳ್ಳುವ ನಮಗೆ ಅವರ ಬಾಲ್ಯದ ಕಡಲು ಇದು ಎಂಬುದು ನೆನಪಿರುವುದಿಲ್ಲ.

ಎರಡನೇ ದಿನ ಬಂದರಿನ ಆಚೆ ದಡಕ್ಕೆ, ಪಶ್ಚಿಮಕ್ಕೆ. ಸಿಂಧಿಯಾ ಎಂಬ ಬಸ್ ಸ್ಟಾಪು ಇದೆ. ಅದು ಹಡಗಿನ ಕಂಪನಿಯ ಹೆಸರು. ವಾಲ್‌ಚಂದ್ ಹೀರಾಚಂದ್ ಅವರ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ 1941ರಲ್ಲಿ ಇಲ್ಲಿ ಹಡಗುಕಟ್ಟೆ ಶುರುಮಾಡಿತು. 1948ರಲ್ಲಿ ನೆಹರೂ ನೀರಿಗಿಳಿಸಿದ 'ಜಲ ಉಷಾ' ಇಲ್ಲಿ ಕಟ್ಟಿದ ಹಡಗು. ಆಮೇಲೆ ಅದು ಸರಕಾರದ ಹಿಂದೂಸ್ತಾನ್ ಶಿಪ್‌ಯಾರ್ಡ್ ಆಯಿತು. ಇದೇ ವಾಲ್‌ಚಂದ್ 1940ರ ಕೊನೆಯಲ್ಲಿ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಮಾಡಿದವರು, ಈಗಿನ ಎಚ್‌ಎಎಲ್. ಅಂದರೆ ನಮ್ಮ ಮುರುಗೇಶಪಾಳ್ಯ, ವಿಮಾನಪುರ ಮತ್ತು ಇಲ್ಲಿನ ಸಿಂಧಿಯಾ, ಮಲ್ಕಾಪುರಂ ಒಬ್ಬನೇ ಗುಜರಾತಿ ವ್ಯಾಪಾರಿಯ ಯೋಜನೆಯ ಸುತ್ತ ಬೆಳೆದ ದಾಯಾದಿ ಬಡಾವಣೆಗಳು. ಸೈರನ್ ಕೂಗಿಗೆ ಗಡಿಯಾರ ಸರಿಮಾಡಿಕೊಳ್ಳುವ ಬೀದಿಗಳು ಎರಡೂ ಕಡೆ ಇದ್ದವು. ಮಲ್ಕಾಪುರದಲ್ಲಿ ತೈಲ ಸಂಸ್ಕರಣಾಗಾರದ ಚಿಮಣಿಯ ಬುಡಕ್ಕೇ ಮನೆಗಳು. ನೌಕಾಪಡೆಯ ಗೋಡೆ ಒಂದು ಕಡೆ, ತೈಲದ ಟ್ಯಾಂಕುಗಳು ಇನ್ನೊಂದು ಕಡೆ, ನಡುವೆ ಮೀನಂಗಡಿ, ಟೈಲರು, ಟ್ಯೂಷನ್ನು, ಮದುವೆಯ ಶಾಮಿಯಾನ.

ಅಲ್ಲಿಂದ ಗಾಜುವಾಕಕ್ಕೆ ಹಿಡಿದ ಆಟೋದವರಿಗೆ ಅರವತ್ತು ದಾಟಿತ್ತು. ಚಿಕ್ಕಪ್ಪನ ವಯಸ್ಸಿನವರನ್ನು ಇಲ್ಲಿ ಬಾಬಾಯ್ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಗಾಜುವಾಕ ಈಗ ಬಟ್ಟೆಯಂಗಡಿ, ಆಸ್ಪತ್ರೆ, ಟ್ರಾಫಿಕ್ಕು ಎಲ್ಲ ಇರುವ ದೊಡ್ಡ ಪೇಟೆ, ಹೈದರಾಬಾದಿನ ಕುಕಟಪಲ್ಲಿಯ ತಮ್ಮನ ಹಾಗೆ. ದಾರಿಯ ಒಂದೊಂದು ಕಾಲೋನಿಯನ್ನೂ ಬಾಬಾಯ್ ಬೆರಳು ಮಾಡಿ ತೋರಿಸುತ್ತಾ ಬಂದರು. "ಇದು ನಿರ್ವಾಸಿತರದು. ಅದೂ ನಿರ್ವಾಸಿತರದು." ಉಕ್ಕಿನ ಕಾರ್ಖಾನೆಗೆ ಜಮೀನು ಬಿಟ್ಟವರಿಗೆ ಇಲ್ಲಿ ಆ ಹೆಸರು.

ಈ ಕಥೆ ಹೊಸಪೇಟೆಯವರಿಗೆ ಚುಚ್ಚುವ ಕಥೆ. 1966ರಲ್ಲಿ 'ವಿಶಾಖ ಉಕ್ಕು, ಆಂಧ್ರುಲ ಹಕ್ಕು' ಎಂಬ ಘೋಷಣೆ ಹಿಡಿದು ಆಂಧ್ರ ಎದ್ದಿತು, ಗೋಲಿಬಾರಿನಲ್ಲಿ 32 ಜನ ಸತ್ತರು. 1970ರಲ್ಲಿ ಇಂದಿರಾ ಗಾಂಧಿ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆಗಳನ್ನು ಒಟ್ಟಿಗೆ ಘೋಷಿಸಿದರು: ವಿಶಾಖಪಟ್ಟಣ, ಸೇಲಂ, ಮತ್ತು ನಮ್ಮ ಹೊಸಪೇಟೆ. 1971ರಲ್ಲಿ ಇಲ್ಲೂ ಅಡಿಗಲ್ಲು ಬಿತ್ತು, ತೋರಣಗಲ್ಲಿನಲ್ಲೂ ಬಿತ್ತು. ವಿಶಾಖದ ಕಾರ್ಖಾನೆ ತಡವಾದರೂ ಎದ್ದು 1992ರಲ್ಲಿ ದೇಶಕ್ಕೆ ಅರ್ಪಣೆಯಾಯಿತು. ನಮ್ಮದು ಅಡಿಗಲ್ಲಾಗಿಯೇ ಉಳಿದು, ತೊಂಬತ್ತರ ದಶಕದಲ್ಲಿ ಖಾಸಗಿಯವರು ಬಂದು ಕಾರ್ಖಾನೆ ಕಟ್ಟಿದರು. ನಮ್ಮ ತಂದೆಯ ಕಾಲದವರು ಮಾತಿಗೆ ಕೂತರೆ "ಅವರಿಗೆ ಸಿಕ್ತು, ನಮಗೆ ಕಲ್ಲು" ಎನ್ನುತ್ತಿದ್ದರು. ಆ ಸಿಕ್ಕಿದ್ದನ್ನು ನೋಡಬೇಕೆಂಬ ಆಸೆ ಬಹಳ ದಿನದ್ದು. ಕಾರ್ಖಾನೆಯ ಟೌನ್‌ಶಿಪ್ಪಿನ ಹೆಸರು ಉಕ್ಕುನಗರಂ. ಅಗಲವಾದ ರಸ್ತೆ, ಮರದ ನೆರಳು, ಸೆಕ್ಟರುಗಳು, ಸೈಕಲ್ಲಿನಲ್ಲಿ ಹೋಗುವ ಮಕ್ಕಳು. ಕೂರ್ಮನ್ನಪಾಲೆಂನಲ್ಲಿ 2021ರಿಂದ ನಡೆದ ಖಾಸಗೀಕರಣ ವಿರೋಧಿ ಹೋರಾಟದ ಬ್ಯಾನರುಗಳು ಬಿಸಿಲಿಗೆ ಬಣ್ಣ ಬಿಟ್ಟುಕೊಂಡಿದ್ದವು.

ಸಿಕ್ಕವರಿಗೆ ಏನು ಸಿಕ್ಕಿತು ಎಂದು ಬಾಬಾಯ್‌ರನ್ನೇ ಕೇಳಬೇಕಾಯಿತು. ಈ ಕಾರ್ಖಾನೆಗೆ ಅರವತ್ತಕ್ಕೂ ಹೆಚ್ಚು ಹಳ್ಳಿಗಳು ಎದ್ದವು. ಜಮೀನು ಕೊಟ್ಟ ಮನೆಗೊಂದು ಆರ್-ಕಾರ್ಡ್, ಅಂದರೆ ಪುನರ್ವಸತಿ ಕಾರ್ಡು. ಕಾರ್ಡಿಗೆ ನೌಕರಿ ಎಂಬುದು ಮಾತು. ಬಾಬಾಯ್ ಮನೆಯಲ್ಲಿ ಕಾರ್ಡು ತಂದೆಯ ಹೆಸರಿನಲ್ಲಿತ್ತು, ನೌಕರಿ ಅಣ್ಣನಿಗೆ ಸಿಕ್ಕಿತು, ಇವರಿಗೆ ಆಟೋ. "ಅಣ್ಣನ ಮಕ್ಕಳು ಇಂಜಿನಿಯರ್. ನನ್ನ ಮಕ್ಕಳು ಗುತ್ತಿಗೆ ಕೆಲಸ. ಒಂದೇ ಮನೆ ಬಾಬೂ, ಒಂದೇ ಗೇಟು. ಅವರಿಗೆ ಒಳಗಿನ ಪಾಸು, ನಮಗೆ ಹೊರಗಿನ ಕ್ಯೂ" ಎಂದರು. ಸಿಟ್ಟಿನಿಂದಲ್ಲ, ಪಂಚಾಂಗ ಓದಿದ ಹಾಗೆ.

ನನ್ನ ಅಜ್ಜಿಯ ತವರು ನಾರಾಯಣದೇವರಕೆರೆ. ತುಂಗಭದ್ರಾ ಡ್ಯಾಮಿನ ನೀರಿನಲ್ಲಿ ಮುಳುಗಿದ ಊರು. ಅಲ್ಲಿಯವರು ಎದ್ದು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಯಾದರು. ಇದನ್ನು ಹೇಳಿದಾಗ ಬಾಬಾಯ್ ಆಟೋ ಬದಿಗೆ ನಿಲ್ಲಿಸಿ, ತಿರುಗಿ ನೋಡಿ ಕೇಳಿದ ಪ್ರಶ್ನೆ ಒಂದೇ: "ನಿಮಗೆ ಕಾರ್ಡು ಕೊಟ್ಟರಾ?" ಆಗೆಲ್ಲ ಕಾರ್ಡು ಎಲ್ಲಿಯದು! ಆಮೇಲೆ ಬಾಡಿಗೆಯಲ್ಲಿ ಇಪ್ಪತ್ತು ರೂಪಾಯಿ ಬಿಟ್ಟುಕೊಟ್ಟರು. ನಿರ್ವಾಸಿತರ ರಿಯಾಯಿತಿ ಎಂದು ತಿಳಿದುಕೊಂಡೆ.

ಮೂರನೇ ದಿನ ಸಿಂಹಾಚಲಂ. ಗೋಪಾಲಪಟ್ನಂ ದಾರಿಯಲ್ಲಿ ಹೋದೆ. ಅದರ ಪಕ್ಕದಲ್ಲೇ ವೆಂಕಟಾಪುರಂ, 2020ರ ಮೇ 7ರ ನಸುಕಿನಲ್ಲಿ ಸ್ಟೈರೀನ್ ಆವಿ ಸೋರಿ 12 ಜನ ಸತ್ತ ಜಾಗ. ಲಾಕ್‌ಡೌನಿನಲ್ಲಿ ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು, ಬೀದಿಯಲ್ಲಿ ನಡೆಯುತ್ತಲೇ ಕುಸಿದು ಬೀಳುತ್ತಿದ್ದ ಜನರನ್ನು. ಕಾರ್ಖಾನೆ ಬಂದಾಗ ಅದು ಊರ ಹೊರಗೆ ಇತ್ತು, ಆಮೇಲೆ ಊರು ಅದರ ಗೋಡೆಗೆ ಬಂದು ಒರಗಿತು. ತಪ್ಪು ಊರಿನದಲ್ಲ. ಕಡಿಮೆ ಬಾಡಿಗೆ ಎಲ್ಲಿದೆಯೋ ಜನ ಅಲ್ಲಿ ಮನೆ ಮಾಡುತ್ತಾರೆ, ಗೋಡೆಯಾಚೆ ಏನನ್ನು ಎಷ್ಟು ಬಿಸಿಯಲ್ಲಿ ಇಟ್ಟಿದ್ದಾರೆಂದು ಬಾಡಿಗೆದಾರನಿಗೆ ಯಾರೂ ಹೇಳುವುದಿಲ್ಲ.

ಸಿಂಹಾಚಲದ ದೇವರನ್ನು ವರ್ಷವಿಡೀ ಗಂಧದ ಲೇಪ ಮುಚ್ಚಿರುತ್ತದೆ. ನಿಜರೂಪ ಕಾಣುವುದು ಅಕ್ಷಯ ತದಿಗೆಯ ಒಂದು ದಿನ ಮಾತ್ರ. ಅಲ್ಲಿಗೆ ಹೋದ ಹೊಸಪೇಟೆಯವರಿಗೆ ಮಾತ್ರ ದೇವರಿಗಿಂತ ಮೊದಲು ಕಣ್ಣು ಹೋಗುವುದು ಕಂಬಗಳ ಕಡೆಗೆ, ಶಾಸನಗಳ ಕಡೆಗೆ. ಕೃಷ್ಣದೇವರಾಯ ಕಳಿಂಗದ ಗಜಪತಿಯ ಮೇಲೆ ದಂಡೆತ್ತಿ ಬಂದವನು 1516ರಲ್ಲೂ 1519ರಲ್ಲೂ ಇಲ್ಲಿಗೆ ಬಂದು ಮುತ್ತಿನ ಹಾರ ಮೊದಲಾದ ಒಡವೆ ಕೊಟ್ಟ ದಾಖಲೆ ಇದೆ. ಅವನಿಗಿಂತ ಇನ್ನೂರು ವರ್ಷ ಮೊದಲೇ ಈ ಸೀಮೆಯಲ್ಲಿ ಆಡಳಿತ ನಡೆಸಿದವರು ಮಧ್ವಾಚಾರ್ಯರ ಶಿಷ್ಯ ನರಹರಿ ತೀರ್ಥರು. ಇಲ್ಲೂ ಶ್ರೀಕೂರ್ಮದಲ್ಲೂ ಅವರ ಶಾಸನಗಳಿವೆ. ಕನ್ನಡದ ದಾಸಸಾಹಿತ್ಯದ ಮೊದಲಿಗರೆಂದು ಹೆಸರಾದ ಅವರ ಬೃಂದಾವನ ಇರುವುದು ಹಂಪಿಯ ಚಕ್ರತೀರ್ಥದ ಬಳಿ. ಚಿಕ್ಕಂದಿನಲ್ಲಿ ಹೊಳೆಯ ದಂಡೆಯಲ್ಲಿ ಆಡುವಾಗ ಆ ಯತಿಗಳು ಯಾವ ಊರಿನಲ್ಲಿ ಕೆಲಸ ಮಾಡಿ ಬಂದವರು ಎಂದು ಯಾರು ಯೋಚಿಸಿದ್ದರು?

ಬೆಟ್ಟದ ಬುಡದ ಅಡವಿವರಂನಲ್ಲಿ ಅನಾನಸ್ ರಾಶಿ ಹಾಕಿ ಮಾರುತ್ತಾರೆ, ಚೆನ್ನಾಗಿರುತ್ತದೆ, ಬಿಡಬೇಡಿ. ಅಂಗಡಿಯವರ ಮಾತು ಮಾತ್ರ ಹಣ್ಣಿನ ಬಗ್ಗೆ ಅಲ್ಲ, ಜಾಗದ ಬಗ್ಗೆ. ಅಡವಿವರಂ, ವೇಪಗುಂಟ, ವೆಂಕಟಾಪುರಂ ಸೇರಿದ ಐದು ಗ್ರಾಮಗಳ ನೆಲ ದೇವಸ್ಥಾನದ್ದು ಎಂಬ ವಾದ ಹಳೆಯದು. ತಲೆಮಾರುಗಳಿಂದ ಮನೆ ಕಟ್ಟಿಕೊಂಡಿರುವವರು ಪಕ್ಕಾ ಕಾಗದಕ್ಕಾಗಿ ಇನ್ನೂ ಕಾಯುತ್ತಿದ್ದಾರೆ. ಅದೇ ಅಡವಿವರಂ ಈಗ ಸುದ್ದಿಯಲ್ಲಿದೆ. 2025ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿ ವಿಶಾಖದಲ್ಲಿ ಐದು ವರ್ಷಗಳಲ್ಲಿ 1500 ಕೋಟಿ ಡಾಲರ್ ಹೂಡುವುದಾಗಿ ಹೇಳಿತು. ಆ ಡೇಟಾ ಸೆಂಟರುಗಳಿಗೆ ನೋಡಿದ ಜಾಗಗಳಲ್ಲಿ ಇದೂ ಒಂದು. ಅದೇ ವಾರ ಆಂಧ್ರದ ಮಂತ್ರಿಗಳೂ ಕರ್ನಾಟಕದ ಮಂತ್ರಿಗಳೂ ಸಾಮಾಜಿಕ ಜಾಲತಾಣದಲ್ಲಿ ನೆರೆಮನೆಯವರ ಹಾಗೆ ಕಿತ್ತಾಡಿದ್ದು ನಿಮಗೆ ನೆನಪಿರಬಹುದು. ಅನಾನಸ್ ಮಾರುವವರಿಗೆ ಗೂಗಲ್ ಅಂದರೆ ಸೈಟಿನ ರೇಟು.

ಕೊನೆಯ ದಿನ ಉತ್ತರಕ್ಕೆ, ಭೀಮಿಲಿ ಕಡೆ. ಮೊದಲು ಸಿಗುವುದು ಎಂವಿಪಿ ಕಾಲೋನಿ. ಮನೆ ಹುಡುಕುವವರಿಗೆಲ್ಲ ಬ್ರೋಕರು ಮೊದಲು ಹೇಳುವ ಹೆಸರು. ರೈತುಬಜಾರು, ಶಾಲೆ, ಆಸ್ಪತ್ರೆ ಎಲ್ಲ ನಡೆಯುವಷ್ಟು ದೂರದಲ್ಲಿ. ಎಂವಿಪಿ ಅಂದರೆ ಯಾವುದೋ ನಾಯಕರ ಹೆಸರಿರಬೇಕು ಎಂದುಕೊಂಡರೆ ಅಲ್ಲ, ಮುವ್ವಲವಾನಿಪಾಲೆಂ, ಮುವ್ವಲ ಮನೆತನದವರ ಪಾಳ್ಯ. ಪಾಳ್ಯ ಹೋಗಿ ಮೂರು ಇಂಗ್ಲಿಷ್ ಅಕ್ಷರ ಉಳಿದಿದೆ.

ಅಲ್ಲಿಂದ ಋಷಿಕೊಂಡ. ಬೆಟ್ಟದ ಮೇಲೆ ಐಟಿ ಕಂಪನಿಗಳಿಗೆ ಹಿಲ್ ಒನ್, ಹಿಲ್ ಟೂ, ಹಿಲ್ ತ್ರೀ ಎಂದು ನಂಬರು ಹಾಕಿದ್ದಾರೆ. ಹಿಲ್ ತ್ರೀಯಲ್ಲಿ ಟಿಸಿಎಸ್‌ಗೆ 21 ಎಕರೆ ಚಿಲ್ಲರೆ ಜಾಗವನ್ನು ಸರಕಾರ 2025ರಲ್ಲಿ 99 ಪೈಸೆಗೆ ಕೊಟ್ಟಿತು. ಉದ್ಯೋಗ ತರುವವರಿಗೆ ನೆಲ ಅಗ್ಗ, ಉದ್ಯೋಗಕ್ಕೆ ಬರುವವರಿಗೆ ಚದರಡಿ ಲೆಕ್ಕ. ಹಳೆಯ ಹೈಟೆಕ್ ಸಿಟಿ ನೋಡಿದವರಿಗೆ ಇದೆಲ್ಲ ಗುರುತು ಸಿಗುತ್ತದೆ: ಮಣ್ಣು ತುಂಬಿದ ಟಿಪ್ಪರ್, ಅರ್ಧ ಕಡಿದ ಬಂಡೆ, 'ಸೀ ವ್ಯೂ' ಎಂಬ ಬೋರ್ಡು. ಎರಡು ಫ್ಲ್ಯಾಟ್ ನೋಡಿದೆ. ಒಂದರ ಬಾಲ್ಕನಿಯಿಂದ ಸಮುದ್ರ ನಿಜಕ್ಕೂ ಕಾಣುತ್ತಿತ್ತು. ಕಬ್ಬಿಣದ ಗ್ರಿಲ್ಲು ತುಕ್ಕು ಹಿಡಿದು ಚಕ್ಕೆ ಏಳುತ್ತಿತ್ತು, ನೀರು ಟ್ಯಾಂಕರಿನದು.

ನನ್ನನ್ನು ಕೇಳಿದರೆ ಇಲ್ಲಿಗೆ ಬರುವವರು ಮನೆಯನ್ನು ಸಮುದ್ರದಿಂದ ಎರಡು ಕಿಲೋಮೀಟರ್ ಒಳಗೆ ನೋಡಿ, 2014ರ ಹುದ್‌ಹುದ್ ಚಂಡಮಾರುತದ ಕಥೆ ಹೇಳುವ ಯಾರಾದರೂ ಅದೇ ಬೀದಿಯಲ್ಲಿ ಇದ್ದಾರಾ ವಿಚಾರಿಸಿ. ಊರಿಗೆ ನೀರು ಮೇಹಾದ್ರಿಗೆಡ್ಡ, ತಾಟಿಪೂಡಿ, ರೈವಾಡ ಜಲಾಶಯಗಳಿಂದ, ಏಲೇರು ಕಾಲುವೆಯಿಂದ ಬರುತ್ತದೆ. ಉಕ್ಕಿನ ಕಾರ್ಖಾನೆಗೂ ಏಲೇರು ನೀರೇ ಬೇಕು. ಮುಂದೆ ಡೇಟಾ ಸೆಂಟರ್ ಸೇರಿದರೆ ನಲ್ಲಿಯ ಸರದಿ ಎಲ್ಲಿಗೆ ಬರುತ್ತದೋ. ಎಂವಿಪಿಯ ಹಿಂದಿನ ಬೀದಿಗಳು, ಇಲ್ಲವೇ ದೂರವಾದರೂ ಗಾಜುವಾಕದ ಕಡೆ ಎಂಬುದು ನನ್ನ ಲೆಕ್ಕ. ಹೆಸರು ಕೊಡುವ ಮೊದಲು ಅಮ್ಮನನ್ನು ಒಮ್ಮೆ ಕರೆತರಬೇಕು. ಅವರಿಗೆ ಬೇಕಾದ್ದು ಸಮುದ್ರವಲ್ಲ, ಲಿಫ್ಟು ಮತ್ತು ಮಾತಾಡುವ ಪಕ್ಕದ ಮನೆ.

ಋಷಿಕೊಂಡ ದಾಟಿದ ಮೇಲೆ ತೊಟ್ಲಕೊಂಡ. 1976ರಲ್ಲಿ ನೌಕಾಪಡೆಯವರು ನೆಲೆಗಾಗಿ ವಿಮಾನದಿಂದ ಸರ್ವೆ ಮಾಡುವಾಗ ಗುಡ್ಡದ ಮೇಲೆ ಬೌದ್ಧ ವಿಹಾರದ ಅವಶೇಷ ಕಂಡಿತು. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ ಆ ಹೆಸರು, ತೊಟ್ಟಿ ಎಂಬುದು ಅವರಿಗೂ ನಮಗೂ ಒಂದೇ. ಎರಡು ಸಾವಿರ ವರ್ಷದ ಹಿಂದೆ ಬೇರೆ ಬೇರೆ ಕಡೆಯಿಂದ ಬಂದ ಭಿಕ್ಷುಗಳ ಸಣ್ಣ ಸಣ್ಣ ಕೋಣೆಗಳು ಸಾಲಾಗಿವೆ. ಅಳತೆ ನಮ್ಮ ಪಿಜಿ ಹಾಸ್ಟೆಲಿನದೇ. ಮಳೆನೀರು ಹಿಡಿಯುವ ಏರ್ಪಾಡು ಮಾತ್ರ ನಮ್ಮದಕ್ಕಿಂತ ಚೆನ್ನಾಗಿದೆ.

ಮುಂದೆ ಎರ್ರಮಟ್ಟಿ ದಿಬ್ಬಲು, ಕೆಂಪುಮಣ್ಣಿನ ದಿಬ್ಬಗಳು. ಹಿಮಯುಗದಲ್ಲಿ ಕಡಲು ಹಿಂದೆ ಸರಿದಾಗ ಗಾಳಿ ತಂದು ಸುರಿದ ಮರಳು, ಅದರೊಳಗಿನ ಕಬ್ಬಿಣ ಕೆಂಪಾಗಿ, ಮಳೆ ಕೊರೆದು ಕೊರೆದು ಕೊರಕಲುಗಳಾಗಿವೆ. ಸಂಡೂರಿನ ಕೆಂಪು ನೋಡಿ ಬೆಳೆದ ನನಗೂ ಅದರ ಒಳಗೆ ನಡೆಯುವಾಗ ಮಾತು ನಿಂತಿತು. ಭೂವೈಜ್ಞಾನಿಕ ಪರಂಪರೆಯ ತಾಣವೆಂದು ಬೋರ್ಡು ಇದೆ. 2024ರಲ್ಲಿ ಪಕ್ಕದಲ್ಲೇ ಲೇಔಟ್‌ಗೆಂದು ನೆಲ ಸಮ ಮಾಡಿದ್ದು ದೊಡ್ಡ ಗಲಾಟೆಯಾಯಿತು. ಇನ್ನೂ ಉತ್ತರಕ್ಕೆ ಭೋಗಾಪುರಂನ ಹೊಸ ವಿಮಾನ ನಿಲ್ದಾಣ. ಅದರ ಹೆಸರು ಹೇಳಿ ಈ ರಸ್ತೆಯುದ್ದಕ್ಕೂ ಕಲ್ಲು ನೆಟ್ಟು ಸೈಟು ಮಾರುತ್ತಿದ್ದಾರೆ.

ಭೀಮಿಲಿ, ಅಂದರೆ ಭೀಮುನಿಪಟ್ನಂ, ಗೋಸ್ತನಿ ನದಿ ಸಮುದ್ರ ಸೇರುವ ಜಾಗ. 1861ರಲ್ಲೇ ಮುನ್ಸಿಪಾಲಿಟಿ ಆದ ಊರು, ಈಗ ಮಹಾನಗರದ ಒಂದು ತುದಿ. ವ್ಯಾಪಾರಕ್ಕೆ ಬಂದು ಇಲ್ಲೇ ಸತ್ತ ಡಚ್ಚರ ಗೋರಿಗಳು ಚೂಪಾಗಿ ಗೋಪುರದ ಹಾಗೆ ನಿಂತಿವೆ. ಹತ್ತು ನಿಮಿಷ ಸಾಕು ಅವಕ್ಕೆ. ದಡದಲ್ಲಿ ನಮ್ಮ ಕಾರವಾರದ ಕಡೆಯ ರಂಪಣಿಯಂಥ ಬಲೆಯನ್ನು ಎರಡು ತುದಿಯಿಂದ ಎಳೆಯುತ್ತಿದ್ದರು, ಹೆಂಗಸರೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿ ಯಾವ ಊರು ಎಂದರು. ಹೊಸಪೇಟೆ ಎಂದೆ.

"ಅಲ್ಲಿ ಸಮುದ್ರ ಇದೆಯಾ?"

"ಇಲ್ಲ ಅವ್ವ, ಡ್ಯಾಮ್ ಇದೆ."

"ಡ್ಯಾಮಿನಲ್ಲಿ ಮೀನು?"

"ಇದೆ. ನಮ್ಮ ಕಡೆಯೂ ಬಲೆ ಹಾಕುತ್ತಾರೆ."

ಬಲೆ ದಡ ಮುಟ್ಟಿತು. ಬುಟ್ಟಿ ಅರ್ಧವೂ ತುಂಬಲಿಲ್ಲ. ಅಜ್ಜಿ ಎದ್ದು ಸೆರಗು ಸಿಕ್ಕಿಸಿಕೊಂಡು, ಹಂಚಿಕೆಯಲ್ಲಿ ತನ್ನ ಪಾಲು ಎಣಿಸಿಕೊಳ್ಳಲು ಹೋದರು. ತಗರಪುವಲಸದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರು ಲೆಕ್ಕದಲ್ಲಿದ್ದರು.